ಮೂರೇ ಊರು, ಹನ್ನೊಂದು ರಾತ್ರಿ, ಒಂದು ಕುಕ್ಕರ್

ಪ್ಯಾಕೇಜ್ ಇಲ್ಲದೆ ಯುರೋಪಿಗೆ ಹೊರಟಿದ್ದೇವೆ ಎಂದಾಗ ನಮ್ಮ ಭಾವ ಕೇಳಿದ ಮೊದಲ ಪ್ರಶ್ನೆ, ‘ಸ್ವಿಟ್ಜರ್ಲೆಂಡ್ ಇದೆಯೇ?’ ಇಲ್ಲ ಎಂದೆ. ಐಫೆಲ್ ಗೋಪುರ? ಅದೂ ಇಲ್ಲ. ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ಮುಗಿಯಿತು. ‘ಅಷ್ಟು ದುಡ್ಡು ಸುರಿದು ಮೂರೇ ಊರೇ!’ ಎಂದರು. ಅವರು ಹನ್ನೆರಡು ದಿನದಲ್ಲಿ ಏಳು ದೇಶ ಮುಗಿಸಿ ಬಂದವರು, ಎರಡನ್ನು ಬಸ್ಸಿನ ಕಿಟಕಿಯಿಂದ ನಿದ್ದೆಗಣ್ಣಿನಲ್ಲೇ ನೋಡಿದವರು. ಅವರ ಏಜೆಂಟರು ನಮ್ಮಿಬ್ಬರಿಗೆ ಹೇಳಿದ ಬೆಲೆ ನಾಲ್ಕು ಲಕ್ಷ ಅರವತ್ತು ಸಾವಿರ. ನಾನು ಮೂರು ಲಕ್ಷದೊಳಗೆ ಮುಗಿಸುತ್ತೇನೆ ಎಂದೆ. 2024ರ ಅಕ್ಟೋಬರಿನಲ್ಲಿ ಮುಗಿಸಿದೆ.

ಆದರೆ 2023ರಲ್ಲಿ ಮುಗ್ಗರಿಸಿದ್ದನ್ನೂ ಹೇಳಬೇಕು. ಖಾತೆಯಲ್ಲಿ ಹಣ ಕಡಿಮೆ ಕಾಣುತ್ತದೆಂದು ವೀಸಾ ಅರ್ಜಿ ಹಾಕುವ ಹದಿನೈದು ದಿನ ಮೊದಲು ತಮ್ಮನಿಂದ ಮೂರು ಲಕ್ಷ ತಂದು ತುಂಬಿಸಿದ್ದೆ. ಹೋಟೆಲಿನ ಒಂದು ದಿನಾಂಕ ರೈಲಿನ ದಿನಾಂಕಕ್ಕೆ ಹೊಂದುತ್ತಿರಲಿಲ್ಲ. ವೀಸಾ ತಿರಸ್ಕಾರವಾಯಿತು. ಶುಲ್ಕ ಹಿಂದಿರುಗುವುದಿಲ್ಲ, ವಿಮಾನದ ಟಿಕೆಟ್ ರದ್ದತಿಗೂ ಒಂದಿಷ್ಟು ಹೋಯಿತು. ಒಟ್ಟು ನಲವತ್ತು ಸಾವಿರ ನೀರುಪಾಲು. ಎರಡನೆಯ ಸಲ ಆರು ತಿಂಗಳು ಖಾತೆಯನ್ನು ಮುಟ್ಟಲಿಲ್ಲ. ಮೂರು ಊರಿಗೂ ದಿನಗಳನ್ನು ಸಮಸಮ ಹಂಚುವ ಚಪಲ ಬಿಟ್ಟು ವಿಯೆನ್ನಾಕ್ಕೆ ಐದು ರಾತ್ರಿ, ಉಳಿದೆರಡಕ್ಕೆ ಮೂರು ಮೂರು ಎಂದು ಮಾಡಿದೆ. ಮೂರು ದೇಶಕ್ಕೂ ಒಂದೇ ವೀಸಾ, ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕಲ್ಲ, ಯಾವ ದೇಶ ಎಂಬ ಗೊಂದಲವೇ ಉಳಿಯಲಿಲ್ಲ. ಅಷ್ಟರಲ್ಲಿ ಶುಲ್ಕ ತೊಂಬತ್ತು ಯೂರೋಗೆ ಏರಿತ್ತು, ಅದು ತಡಮಾಡಿದ್ದಕ್ಕೆ ತೆತ್ತ ದಂಡ.

ವೀಸಾ ಕೈಗೆ ಬಂದ ಮೇಲೆ ಸೆಪ್ಟೆಂಬರಿನಲ್ಲಿ ಮಧ್ಯ ಯುರೋಪಿನಲ್ಲಿ ಪ್ರವಾಹ. ಡ್ಯಾನ್ಯೂಬ್ ನದಿಯ ದಂಡೆಯ ರಸ್ತೆ ಮುಳುಗಿದ ಚಿತ್ರಗಳನ್ನು ಭಾವ ದಿನಕ್ಕೆರಡರಂತೆ ಕಳಿಸಿದರು. ನಾವು ಹೋಗುವ ಹೊತ್ತಿಗೆ ನೀರು ಇಳಿದಿತ್ತು.

ಪ್ರಾಗಿಗೆ ಇಳಿದು ಬುಡಾಪೆಸ್ಟಿನಿಂದ ವಿಮಾನ ಹತ್ತಿದ್ದರಿಂದ ಹೋದ ದಾರಿಯಲ್ಲೇ ಮರಳುವ ಒಂದು ದಿನ ಉಳಿಯಿತು. ರೈಲು ಟಿಕೆಟನ್ನು ಎರಡು ತಿಂಗಳು ಮೊದಲೇ ಅಗ್ಗಕ್ಕೆ ಹಿಡಿದಿದ್ದೆ. ಆದರೆ ಅಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ತಲೆಗೆ ಮೂರು ಯೂರೋ ಉಳಿಸಲು ಸೀಟು ಕಾಯ್ದಿರಿಸಲಿಲ್ಲ. ಪ್ರಾಗ್‌ನಿಂದ ವಿಯೆನ್ನಾಕ್ಕೆ ನಾಲ್ಕು ಗಂಟೆಯ ಹಾದಿ. ನಡುವಿನ ಬ್ರನೋ ಊರು ಬರುವವರೆಗೆ, ಅಂದರೆ ಅರ್ಧಕ್ಕಿಂತ ಹೆಚ್ಚು, ಸೂಟ್‌ಕೇಸಿನ ಮೇಲೆ ಕುಳಿತೆವು. ಹೆಂಡತಿ ಮಾತನಾಡಲಿಲ್ಲ. ಇಳಿದದ್ದು ಭಾನುವಾರ. ಕೋಣೆ ಸೇರಿ, ಮೂರನೆಯ ಮಹಡಿಗೆ ಲಿಫ್ಟಿಲ್ಲದೆ ಸಾಮಾನು ಹೊತ್ತು, ಹಾಲು ತರಲು ಹೊರಟರೆ ದಿನಸಿ ಅಂಗಡಿಗಳೆಲ್ಲ ಬಾಗಿಲು ಹಾಕಿವೆ. ಭಾನುವಾರ ತೆರೆದಿರುವುದು ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ; ಅರ್ಧ ಗಂಟೆ ಮೊದಲು ಅದರ ಮುಂದೆಯೇ ನಡೆದು ಬಂದಿದ್ದೆವು.

ಊಟದಲ್ಲಿ ಮಾತ್ರ ನಾವು ಗೆದ್ದೆವು. ಸಣ್ಣ ವಿದ್ಯುತ್ ಕುಕ್ಕರ್, ಅವಲಕ್ಕಿ, ಚಟ್ನಿಪುಡಿ, ಸಾರಿನಪುಡಿ. ಹಾಲಿನ ಪದಾರ್ಥಗಳನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಿತು. ಬೆಳಗಿನ ತಿಂಡಿ, ರಾತ್ರಿಯ ಅನ್ನ ಕೋಣೆಯಲ್ಲಿ. ಮಧ್ಯಾಹ್ನ ಮಾತ್ರ ಹೊರಗೆ. ನಡುವೆ ನನ್ನದೊಂದು ಪ್ರಯೋಗ: ಹಾಲು ಕಾಯಿಸಿ, ಅಂಗಡಿಯ ಯೋಗರ್ಟನ್ನೇ ಹೆಪ್ಪು ಹಾಕಿ ಹೀಟರಿನ ಮೇಲಿಟ್ಟೆ. ಪ್ರಾಗಿನಲ್ಲಿ ಹೀಟರ್ ಇನ್ನೂ ಹಚ್ಚಿರಲಿಲ್ಲ, ಹಾಲು ಹಾಲಾಗಿಯೇ ಉಳಿಯಿತು. ವಿಯೆನ್ನಾದಲ್ಲಿ ಬೆಳಗಾಗುವಷ್ಟರಲ್ಲಿ ಕಲ್ಲಿನಂತೆ ಗಟ್ಟಿ ಮೊಸರು! ‘ಆ ಯೋಗರ್ಟನ್ನೇ ತಿನ್ನಬಹುದಿತ್ತಲ್ಲ’ ಎಂದಳು ಹೆಂಡತಿ. ಅದಕ್ಕೆ ಉತ್ತರವಿಲ್ಲ. ವಿಯೆನ್ನಾದ ನಲ್ಲಿಗೆ 1873ರಿಂದ ಬೆಟ್ಟದ ಬುಗ್ಗೆಯ ನೀರು ಬರುತ್ತದೆ. ಅದರಲ್ಲಿ ಹಾಕಿದ ಫಿಲ್ಟರ್ ಕಾಫಿಯ ರುಚಿ ನಮ್ಮ ಬೋರ್‌ವೆಲ್ ನೀರಿನಲ್ಲಿ ಎಂದೂ ಸಿಕ್ಕಿಲ್ಲ. ಬಾಟಲಿ ನೀರಿಗೆ ಒಂದು ಪೈಸೆ ಕೊಡಲಿಲ್ಲ.

ನೋಡುವ ಕ್ರಮ ನನ್ನದೇ: ಹೆಸರುವಾಸಿ ಜಾಗಕ್ಕೆ ಸೂರ್ಯ ಹುಟ್ಟುವ ಮೊದಲು, ಮಧ್ಯಾಹ್ನ ಟ್ರಾಮಿನಲ್ಲಿ ತಿರುಗಾಟ. 1357ರಲ್ಲಿ ಕಟ್ಟಲು ತೊಡಗಿದ ಪ್ರಾಗಿನ ಚಾರ್ಲ್ಸ್ ಸೇತುವೆಯ ಮೇಲೆ ಆರೂವರೆಗೆ ನಾವು, ಮಂಜು, ಫೋಟೊ ತೆಗೆಸಿಕೊಳ್ಳುತ್ತಿದ್ದ ಒಂದು ಮದುವೆ ಜೋಡಿ. ಅದೇ ಸೇತುವೆಗೆ ಹನ್ನೊಂದಕ್ಕೆ ಮತ್ತೆ ಹೋಗಿ ನೋಡಿದೆ. ಜಾತ್ರೆಯ ತೇರಿನ ಬೀದಿ. ಬುಡಾಪೆಸ್ಟಿನ 2ನೇ ಟ್ರಾಮ್ ಡ್ಯಾನ್ಯೂಬಿನ ಅಂಚಿನಲ್ಲೇ ಓಡುತ್ತದೆ. ಕತ್ತಲಾದ ಮೇಲೆ ಆ ತುದಿಯಿಂದ ಈ ತುದಿಗೆ ಮೂರು ಸಲ ಹೋಗಿ ಬಂದೆವು, ದೋಣಿ ವಿಹಾರದ ದುಡ್ಡು ಉಳಿಯಿತು. ಆ ಉಳಿತಾಯವನ್ನು ಮರುದಿನವೇ ಕಳೆದೆ: ಕಾಗದದ ಟಿಕೆಟನ್ನು ಯಂತ್ರದಲ್ಲಿ ಮುದ್ರೆ ಒತ್ತಿಸಲು ಮರೆತೆ, ಇಬ್ಬರಿಗೂ ದಂಡ, ಆರೇಳು ಸಾವಿರ ರೂಪಾಯಿ.

ವಿಯೆನ್ನಾದ ಸರ್ಕಾರಿ ಒಪೇರಾ, ಅಂದರೆ ಸಂಗೀತ ನಾಟಕದ ರಂಗಮಂದಿರದಲ್ಲಿ, ನಿಂತು ನೋಡುವ ಟಿಕೆಟ್ ಅಗ್ಗಕ್ಕೇ ಸಿಗುತ್ತದೆ. ಕಂಬಿಗೆ ಶಾಲು ಕಟ್ಟಿ ಜಾಗ ಹಿಡಿಯುವುದು ಅಲ್ಲಿನ ಹಳೆಯ ರೂಢಿ. ಹೆಂಡತಿ ಬನಾರಸ್ ಸೀರೆಯ ಸೆರಗಿನ ಪಿನ್ನು ತೆಗೆದು ಕರವಸ್ತ್ರ ಸಿಕ್ಕಿಸಿದಳು. ಸಂಗೀತ ಕಲಿತವಳು ಅವಳು, ಕೊನೆಯವರೆಗೂ ನಿಂತಳು. ನಾನು ವಿರಾಮದಲ್ಲಿ ಹೊರಬಂದು ಮೆಟ್ಟಿಲ ಮೇಲೆ ಕುಳಿತೆ. ಮೊಣಕಾಲಿಗೆ ಬುಡಾಪೆಸ್ಟಿನ ಸೆಚೆನಿ ಬಿಸಿನೀರ ಸ್ನಾನಗೃಹದಲ್ಲೇ ಪರಿಹಾರ. ಇಬ್ಬರಿಗೆ ಐದು ಸಾವಿರಕ್ಕೂ ಮೇಲಾಯಿತು. ಸಂಜೆಯ ಚಳಿಯಲ್ಲಿ ಬಯಲ ಕೊಳದ ಹಬೆಯೊಳಗೆ ಕುಳಿತಾಗ ದೀಪಾವಳಿಯ ಹಂಡೆನೀರು ನೆನಪಾಯಿತು. ಎಣ್ಣೆ ಹಚ್ಚುವವರು ಮಾತ್ರ ಇರಲಿಲ್ಲ.

ಲೆಕ್ಕ, ನೆನಪಿದ್ದಷ್ಟು: ವಿಮಾನ ಒಂದು ಲಕ್ಷದ ಹತ್ತು ಸಾವಿರ, ವೀಸಾ, ವಿಮೆ ಇಪ್ಪತ್ತೈದು, ವಸತಿ ಎಪ್ಪತ್ತೆರಡು, ರೈಲು, ಟ್ರಾಮ್ ಹದಿನೇಳು, ಊಟ ಇಪ್ಪತ್ತೈದು, ಪ್ರವೇಶ ಶುಲ್ಕ ಹದಿನೆಂಟು. ದಂಡ ಸೇರಿಸಿದರೆ ಎರಡು ಲಕ್ಷ ಎಪ್ಪತ್ತೈದು ಸಾವಿರದ ಆಸುಪಾಸು. ರಾತ್ರಿಗೆ ಆರೂವರೆ ಸಾವಿರಕ್ಕೆ ಅಡುಗೆ ಮಾಡಿಕೊಳ್ಳುವ ಕೋಣೆಗಳು ಹೇಗೆ ಸಿಕ್ಕವು ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಬರೆಯುವುದಿಲ್ಲ, ಮುಂದಿನ ವರ್ಷ ಮತ್ತೆ ಹೋಗುವವರು ನಾವು. 2023ರ ನಲವತ್ತು ಸಾವಿರವನ್ನು ನಾನು ಇದಕ್ಕೆ ಸೇರಿಸಿಲ್ಲ, ಹೆಂಡತಿ ಸೇರಿಸುತ್ತಾಳೆ. ಅವಳ ಲೆಕ್ಕದಲ್ಲಿ ಮೂರು ಲಕ್ಷದ ಪಣ ನಾನು ಸೋತಿದ್ದೇನೆ. ಭಾವನ ಲೆಕ್ಕದಲ್ಲಂತೂ ನಾವಿನ್ನೂ ಯುರೋಪಿಗೇ ಹೋಗಿಲ್ಲ.