ಲಿಮಿಟ್ ಹಾಕಿದರೆ ನಿಲ್ಲಲಿಲ್ಲ, ದುಡ್ಡು ಕೈಗೆ ಸಿಗದಂತೆ ಮಾಡಿದ ಮೇಲೆ ನಿಂತಿತು

ಬೆಟ್ ಕಟ್ಟದೆ ಈಗ ಮೂರು ವರ್ಷದ ಹತ್ತಿರ ಆಯಿತು. ಬಿಡಲು ಶುರು ಮಾಡಿದಾಗ ಜೊತೆಗೆ ಆಡುತ್ತಿದ್ದವರೆಲ್ಲ "ಸಂಬಳ ಆಗಲಿ, ವಾಪಸ್ ಬರ್ತೀಯ" ಅಂದಿದ್ದರು. ಅವರಲ್ಲೇ ಒಂದಿಬ್ಬರು ಈಗ ಹೇಗೆ ಬಿಟ್ಟೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಒಟ್ಟು ಹೋದದ್ದು ಸುಮಾರು ಒಂದೂವರೆ ವರ್ಷದ ಸಂಬಳ, ಅದರಲ್ಲಿ ಅರ್ಧದಷ್ಟು ಸಾಲ. ಸ್ಟೇಟ್‌ಮೆಂಟ್ ತೆಗೆದು ಕೂತು ಗುರುತು ಹಾಕಿದಾಗ ಒಂದು ವಿಷಯ ಗೊತ್ತಾಯಿತು. ನೂರರಲ್ಲಿ ಎಪ್ಪತ್ತರಷ್ಟು ದುಡ್ಡು ಹೋಗಿದ್ದು ಸೋತ ರಾತ್ರಿಯೇ, ಹೋದದ್ದನ್ನು ವಾಪಸ್ ತೆಗೆಯಲು ಮತ್ತೆ ಮತ್ತೆ ಹಾಕಿ. ನಿಲ್ಲಿಸಬೇಕಾದದ್ದು ಅದನ್ನು.

ಮೊದಲು ಬೆಟ್ಟಿಂಗ್ ಆಪ್‌ನಲ್ಲಿ ದಿನಕ್ಕೆ ಇಷ್ಟೇ ದುಡ್ಡು ಅಂತ ಲಿಮಿಟ್ ಹಾಕಿದೆ. ಒಂದು ಆಪ್‌ನಲ್ಲಿ ಲಿಮಿಟ್ ಮುಗಿದರೆ ಇನ್ನೊಂದು ಆಪ್ ಇರುತ್ತದೆ, ಅಲ್ವಾ? ಚಟ ಹತ್ತದವರಿಗೆ ಲಿಮಿಟ್ ಸಾಕು, ನಮ್ಮಂಥವರಿಗೆ ಸಾಲದು. ಸೋತಾಗಲೆಲ್ಲ ಡಬಲ್ ಹಾಕುವ ಲೆಕ್ಕವನ್ನೂ ಚೆನ್ನಾಗಿ ನೋಡಿದೆ. ಸತತ ಹತ್ತು ಸಲ ಸೋತರೆ ಮೊದಲ ಬೆಟ್‌ನ 1,023 ಪಟ್ಟು ಹೋಗಿರುತ್ತದೆ, ಹನ್ನೊಂದನೆಯದಕ್ಕೆ ಇನ್ನೂ 1,024 ಪಟ್ಟು ಬೇಕು, ಅಷ್ಟೆಲ್ಲ ಆಗಿ ಗೆದ್ದರೆ ಬರುವ ಲಾಭ ಒಂದೇ ಒಂದು ಬೆಟ್‌ನಷ್ಟು. ಹತ್ತು ಸಲ ಸತತ ಯಾರು ಸೋಲುತ್ತಾರೆ ಅನ್ನುವವರು 1913ರಲ್ಲಿ ಮೊನಾಕೊ ದೇಶದ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಆದದ್ದನ್ನು ನೆನಪಿಡಿ. ಅಲ್ಲಿ ರೂಲೆಟ್‌ನಲ್ಲಿ, ಅಂದರೆ ಕೆಂಪು-ಕಪ್ಪು ಮನೆಗಳಿರುವ ತಿರುಗುವ ಚಕ್ರದ ಆಟದಲ್ಲಿ, ಚೆಂಡು ಸತತ 26 ಸಲ ಕಪ್ಪಿಗೇ ಬಿತ್ತು. ಈಗ ಕೆಂಪು ಬರಲೇಬೇಕು ಅಂತ ಸುರಿದವರೆಲ್ಲ ಕಳೆದುಕೊಂಡರು.

ಅಣ್ಣ ಒಮ್ಮೆ ದೊಡ್ಡ ಸಾಲವೊಂದನ್ನು ಪೂರ್ತಿ ತೀರಿಸಿದ. ಅದು ಎಲ್ಲಕ್ಕಿಂತ ದುಬಾರಿ ಬಿತ್ತು. ತಲೆ ಹಗುರಾಯಿತು, ವಾರದೊಳಗೆ ಮತ್ತೆ ಬೆಟ್ ಶುರು. ಮನೆಯವರಿಗೆ ನಾನು ಹೇಳುವುದು ಇದನ್ನೇ: ಸಾಲ ಒಂದೇ ಸಲ ತೀರಿಸಿಕೊಡಬೇಡಿ.

ಕೊನೆಗೆ ಕೆಲಸ ಮಾಡಿದ್ದು ಹೀಗೆ. ಸಂಬಳ ಅಕ್ಕನ ಖಾತೆಗೆ ಹೋಗುವಂತೆ ಮಾಡಿದೆ. ಕಾರ್ಡ್ ಅವಳ ಹತ್ತಿರ, ಒಟಿಪಿ ಬರುವ ನಂಬರ್ ಕೂಡ ಅವಳದೇ. ವಾರದ ಖರ್ಚು ಮಾತ್ರ ನನ್ನ ಕೈಗೆ, ಅದೂ ನಗದು. ಅದಕ್ಕಿಂತ ಜಾಸ್ತಿ ಬೇಕಾದರೆ ಒಂದು ದಿನ ಮೊದಲೇ ಕೇಳಬೇಕು. ಎಲ್ಲ ಆಪ್‌ಗಳಲ್ಲೂ ಸೆಲ್ಫ್ ಎಕ್ಸ್‌ಕ್ಲೂಷನ್ ಹಾಕಿದೆ, ಅಂದರೆ ನನ್ನನ್ನು ಆಡಲು ಬಿಡಬೇಡಿ ಅಂತ ನಾನೇ ಕೇಳಿಕೊಂಡೆ. ಫೋನಿಗೆ ಬೆಟ್ಟಿಂಗ್ ಆಪ್, ಸೈಟ್ ತೆರೆಯದಂತೆ ತಡೆಯುವ ಬ್ಲಾಕರ್ ಹಾಕಿ ಅದರ ಪಾಸ್‌ವರ್ಡನ್ನೂ ಅವಳಿಗೇ ಕೊಟ್ಟೆ. ಅವಳು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ಬರೀ ರಸೀದಿ ಕೇಳುತ್ತಿದ್ದಳು. ನಮ್ಮಿಬ್ಬರ ನಡುವೆ ಇನ್ನೂ ಎರಡು ಕರಾರು ಇವೆ. ಅವನ್ನು ಇಲ್ಲಿ ಬರೆಯುವುದಿಲ್ಲ, ಗೊತ್ತಾದರೆ ದಾಟುವ ದಾರಿಯನ್ನೂ ಜನ ಹುಡುಕುತ್ತಾರೆ.

ಈ ಒಂದು ದಿನದ ಅಂತರವೇ ನನ್ನನ್ನು ಉಳಿಸಿದ್ದು. ಆಡಬೇಕು ಅನ್ನುವ ತುಡಿತ ಎಷ್ಟು ಹೊತ್ತು ಇರುತ್ತದೆ ಅಂತ ಸುಮ್ನೆ ಗಡಿಯಾರ ನೋಡಿ ಬರೆದಿಟ್ಟೆ. ಹೆಚ್ಚಿನ ಸಲ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ, ಸಂಬಳದ ದಿನ ಮಾತ್ರ ರಾತ್ರಿಯಿಡೀ ಬಂದು ಬಂದು ಹೋಗುತ್ತಿತ್ತು. ದುಡ್ಡು ಬರುವಷ್ಟರಲ್ಲಿ ತುಡಿತ ಇಳಿದಿರುತ್ತಿತ್ತು.

ನಡುವೆ ದುಡ್ಡಿಲ್ಲದೆ ಕಾಗದದ ಮೇಲೆ ಬೆಟ್ ಬರೆದು ನೋಡಿದೆ. ಸೋತಾಗ ಏನೂ ಆಗಲಿಲ್ಲ. ಆದರೆ ಕಾಗದದಲ್ಲಿ ಗೆದ್ದ ದಿನ ನಿದ್ದೆಯೇ ಬರಲಿಲ್ಲ, ಅಯ್ಯೋ ನಿಜವಾಗಿ ಹಾಕಿದ್ದರೆ ಅಂತ. ಕೆಲವೇ ವಾರದಲ್ಲಿ ಆ ಪುಸ್ತಕ ಹರಿದು ಹಾಕಿದೆ. ಈ ಪ್ರಯೋಗ ಯಾರೂ ಮಾಡಬೇಡಿ.

ಇನ್ನು ಹೋದ ದುಡ್ಡು. ಅದನ್ನು "ವಾಪಸ್ ಬರಬೇಕಾದದ್ದು" ಅಂತ ಇಟ್ಟುಕೊಂಡಷ್ಟು ದಿನ ಆಟ ಮುಗಿದಿರಲಿಲ್ಲ. ಸಾಲ ಕೊಟ್ಟವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕಂಡು ಕಂತು ಮಾಡಿಕೊಂಡೆ, ಸಂಬಳದ ಮೂರನೇ ಒಂದು ಪಾಲು ಅದಕ್ಕೇ. ಒಬ್ಬರು ಮಾತ್ರ ಒಪ್ಪಲಿಲ್ಲ, ಅವರದನ್ನು ಗಾಡಿ ಮಾರಿ ಮೊದಲು ತೀರಿಸಿದೆ. ಎರಡು ವರ್ಷಕ್ಕೂ ಸ್ವಲ್ಪ ಜಾಸ್ತಿ ಹಿಡಿಯಿತು, ಉಳಿದದ್ದೆಲ್ಲ ನನ್ನ ದುಡಿಮೆಯಲ್ಲೇ ತೀರಿತು. ಈಗ ಆ ಮೂರನೇ ಪಾಲು ಅಕ್ಕನ ಹೆಸರಿನ ಠೇವಣಿಗೆ ಹೋಗುತ್ತಿದೆ, ಅವಧಿಗೆ ಮುಂಚೆ ಮುರಿಯಲು ಅವಳ ಸಹಿ ಬೇಕು.