ಸ್ಪೋರ್ಟ್ ಟೂರರ್ ಕೊಳ್ಳುವ ಮುನ್ನ: ಟೆಸ್ಟ್ ರೈಡ್ ಮಾಡುವುದು ಹೇಗೆ?

ಹತ್ತು ನಿಮಿಷ ಓಡಿಸಿದರೆ ಯಾವ ಬೈಕಾದರೂ ಚೆನ್ನಾಗಿಯೇ ಇರುತ್ತದೆ. ಶೋರೂಮಿನವರಿಗೂ ಇದು ಗೊತ್ತು. ಮುಂದಿನ ಸಿಗ್ನಲ್‌ವರೆಗೆ ಹೋಗಿ ತಿರುಗಿ ಬಂದರೆ ಟೆಸ್ಟ್ ರೈಡ್ ಮುಗಿಯಿತು ಎಂಬ ಪದ್ಧತಿ ಬೆಳೆದದ್ದೇ ಹಾಗೆ. ದಿನವೂ ಕಚೇರಿಗೆ ಹೋಗಿ ಬರುವ ಬೈಕಿಗೆ ಅಷ್ಟು ಸಾಕಾಗಬಹುದು, ಸ್ಪೋರ್ಟ್ ಟೂರರ್‌ಗೆ ಸಾಲದು. ಬೆಳಿಗ್ಗೆ ಬೆಂಗಳೂರು ಬಿಟ್ಟು, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಬೇಕು. ಹಿಂದೆ ಒಬ್ಬರು ಕೂತಿರುತ್ತಾರೆ, ಎರಡೂ ಬದಿಗೆ ಬಟ್ಟೆಯ ಪೆಟ್ಟಿಗೆ ಇರುತ್ತದೆ. ಇಂಥ ಪಯಣಕ್ಕೆಂದೇ ಕೊಳ್ಳುವ ಬೈಕಿದು. ಮೂರನೆಯ ಗಂಟೆಯಲ್ಲಿ ಮಣಿಕಟ್ಟು, ಸೊಂಟ, ತೊಡೆ ಏನು ಹೇಳುತ್ತವೆ ಎಂಬುದು ಮೊದಲ ಹತ್ತು ನಿಮಿಷದಲ್ಲಿ ತಾನಾಗಿ ತಿಳಿಯುವುದಿಲ್ಲ. ತಿಳಿಯುವಂತೆ ಸವಾರಿಯನ್ನು ನಾವೇ ಹೊಂದಿಸಿಕೊಳ್ಳಬೇಕು.

ಅದಕ್ಕೊಂದು ಉಪಾಯವಿದೆ. ಟೆಸ್ಟ್ ರೈಡ್‌ನಲ್ಲಿ ಖುಷಿಯನ್ನು ಹುಡುಕಬೇಡಿ, ಅದು ಹೇಗೂ ಸಿಗುತ್ತದೆ. ತೊಂದರೆಯನ್ನು ಹುಡುಕಿ. ಸಿಕ್ಕ ಪ್ರತಿಯೊಂದು ತೊಂದರೆಯ ಮುಂದೆಯೂ ಒಂದು ಪ್ರಶ್ನೆ ಇಡಿ: ಇದನ್ನು ಕೊಂಡ ಮೇಲೆ ಸರಿಪಡಿಸಬಹುದೇ? ಸೀಟಿನ ಫೋಮ್, ವಿಂಡ್‌ಸ್ಕ್ರೀನ್, ಕ್ಲಚ್ ಲಿವರ್, ಹಿಂದಿನ ಶಾಕ್ ಅಬ್ಸಾರ್ಬರ್‌ನ ಬಿಗಿ, ಇವೆಲ್ಲ ಸ್ವಲ್ಪ ದುಡ್ಡು ಅಥವಾ ಒಂದು ಸ್ಪ್ಯಾನರ್‌ನಿಂದ ಬದಲಾಗುತ್ತವೆ. ಬೈಕಿನ ತೂಕ, ಎಂಜಿನ್ನಿನ ಬಿಸಿ, ಅದರ ಕಂಪನ ಬದಲಾಗುವುದಿಲ್ಲ. ಮೊದಲನೆಯವಕ್ಕಾಗಿ ಒಳ್ಳೆಯ ಬೈಕನ್ನು ಬಿಡಬಾರದು. ಎರಡನೆಯವನ್ನು ‘ಆಮೇಲೆ ಅಭ್ಯಾಸವಾಗುತ್ತದೆ’ ಎಂದು ಮಾಫಿ ಮಾಡಲೂಬಾರದು.

ಮೈಗೆ ಗಾಳಿ ಬಡಿಯದಂತೆ ತಡೆಯುವ ಹೊರಕವಚ, ಅಂದರೆ ಫೇರಿಂಗ್, ದೂರ ಕೂರಲು ಬರುವ ಸೀಟು, ತಿರುವಿನಲ್ಲಿ ಬೇಸರ ತರಿಸದ ಎಂಜಿನ್, ಈ ಮೂರೂ ಒಂದರಲ್ಲೇ ಬೇಕೆಂಬ ಆಸೆ ಹಳೆಯದು. 1976ರಲ್ಲಿ ಬಂದ ಬಿಎಂಡಬ್ಲ್ಯು ಆರ್100ಆರ್‌ಎಸ್, ಗಾಳಿ ಸುರಂಗದಲ್ಲಿ ಪರೀಕ್ಷಿಸಿ ರೂಪಿಸಿದ ಪೂರ್ಣ ಫೇರಿಂಗ್‌ನೊಡನೆ ಈ ಬಗೆಗೆ ದಾರಿ ಹಾಕಿಕೊಟ್ಟಿತು. ನಮ್ಮಲ್ಲಿ 2003ರ ಹೀರೊ ಹೋಂಡಾ ಕರಿಜ್ಮಾ ಎಷ್ಟೋ ಜನರಿಗೆ ದೂರ ಪ್ರಯಾಣದ ರುಚಿ ಹತ್ತಿಸಿತು. ಇಂದು ಒಂದು ತುದಿಯಲ್ಲಿ 373 ಸಿಸಿಯ ಬಜಾಜ್ ಡಾಮಿನಾರ್ 400 ಇದೆ, ಇನ್ನೊಂದು ತುದಿಯಲ್ಲಿ 1099 ಸಿಸಿಯ ಕವಾಸಾಕಿ ನಿಂಜಾ 1100ಎಸ್‌ಎಕ್ಸ್ ಇದೆ. ಮೊದಲನೆಯದು ಸುಮಾರು 40 ಪಿಎಸ್ (ಅಶ್ವಶಕ್ತಿಯ ಅಳತೆ), ಎರಡನೆಯದು 136 ಪಿಎಸ್. ಬೆಲೆಯ ಅಂತರ ಹೇಳುವುದೇ ಬೇಡ. ಆದರೆ ಪರೀಕ್ಷಿಸುವ ಕ್ರಮ ಎರಡಕ್ಕೂ ಒಂದೇ.

1. ಹೊತ್ತನ್ನು ನೀವೇ ಆರಿಸಿ

ಭಾನುವಾರ ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆ, ತಂಪು ಗಾಳಿ. ಬೈಕು ಮಾರಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಪರೀಕ್ಷಿಸಲು ಇದಕ್ಕಿಂತ ಕೆಟ್ಟದ್ದಿಲ್ಲ. ವಾರದ ದಿನ, ಹನ್ನೊಂದರ ಬಿಸಿಲಿಗೆ ಹೋಗಿ. ಊರೊಳಗಿನ ದಟ್ಟಣೆ ಮತ್ತು ಹೆದ್ದಾರಿ ಎರಡೂ ಬೇಕು, ಕನಿಷ್ಠ ಒಂದು ಗಂಟೆ ಬೇಕು ಎಂದು ಫೋನಿನಲ್ಲೇ ಕೇಳಿ. ‘ಹಾಗೆಲ್ಲ ಕೊಡುವುದಿಲ್ಲ’ ಎಂದರೆ ಅದೂ ಉಪಯುಕ್ತ ಮಾಹಿತಿಯೇ. ಇನ್ನೊಬ್ಬ ಡೀಲರ್‌ಗೆ ಕರೆ ಮಾಡಿ. ದೊಡ್ಡ ಬೈಕುಗಳ ಡೆಮೊ ವಾಹನ ಎಲ್ಲ ಊರಿನಲ್ಲೂ ಇರುವುದಿಲ್ಲ. ಆಗ ಅದೇ ಮಾದರಿ ಬಾಡಿಗೆಗೆ ಸಿಗುವುದೇ ನೋಡಿ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಬಾಡಿಗೆ ಬೈಕಿಗೆ ಒಂದು ದಿನದ ದುಡ್ಡು ಕೊಡುವುದು, ಲಕ್ಷಗಟ್ಟಲೆ ಕೊಟ್ಟು ಪಶ್ಚಾತ್ತಾಪ ಪಡುವುದಕ್ಕಿಂತ ಅಗ್ಗ.

ಲೈಸೆನ್ಸ್ ಒಯ್ಯಿರಿ. ಶೋರೂಮಿನ ಹೆಲ್ಮೆಟ್ ನಂಬಬೇಡಿ. ನಿಮ್ಮದೇ ಹೆಲ್ಮೆಟ್, ಜಾಕೆಟ್, ಬೂಟು ಹಾಕಿಕೊಂಡು ಹೋಗಿ. ಗಾಳಿಯ ಸದ್ದು ಹೆಲ್ಮೆಟ್‌ನಿಂದ ಹೆಲ್ಮೆಟ್‌ಗೆ ಬದಲಾಗುತ್ತದೆ, ಗೇರ್ ಲಿವರ್ ಬೂಟಿನಿಂದ ಬೂಟಿಗೆ. ಸಹಿ ಹಾಕಿಸುವ ಕಾಗದವನ್ನು ಓದಿ. ಬೈಕು ಬಿದ್ದರೆ ಖರ್ಚು ಯಾರದು, ವಿಮೆ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಹಳೆಯ ಗೀರುಗಳ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

2. ಎಂಜಿನ್ ಚಾಲೂ ಮಾಡಬೇಡಿ

ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಜನ ಅವಸರದಲ್ಲಿ ದಾಟಿಬಿಡುವುದೂ ಇದನ್ನೇ.

ಮೊದಲು ಬೈಕನ್ನು ತಳ್ಳಿ. ಸೈಡ್ ಸ್ಟ್ಯಾಂಡಿನಿಂದ ಎತ್ತಿ, ಹಿಂದಕ್ಕೆ ನಾಲ್ಕು ಹೆಜ್ಜೆ, ತಿರುಗಿಸಿ, ಮುಂದಕ್ಕೆ ನಾಲ್ಕು ಹೆಜ್ಜೆ. ನಿಂಜಾ 1100ಎಸ್‌ಎಕ್ಸ್‌ನ ತೂಕ 238 ಕಿಲೊ. ಅದು ಓಡುವಾಗ ಗೊತ್ತಾಗುವುದಿಲ್ಲ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಇಳಿಜಾರಿನಲ್ಲಿ, ಮಡಿಕೇರಿಯ ಯಾವುದೋ ಹೋಂಸ್ಟೇಯ ಜಲ್ಲಿ ಹಾಸಿದ ಅಂಗಳದಲ್ಲಿ ಗೊತ್ತಾಗುತ್ತದೆ. ಪೆಟ್ಟಿಗೆಗಳು ಸೇರಿದರೆ ಇನ್ನಷ್ಟು. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿದೆ ಎಂದು ನೋಡಿ: ಡೆಮೊ ಬೈಕಿನಲ್ಲಿ ಮುಳ್ಳು ಸಾಮಾನ್ಯವಾಗಿ ತಳದಲ್ಲೇ ಇರುತ್ತದೆ. 19 ಲೀಟರ್ ತುಂಬಿದಾಗ ಸುಮಾರು 14 ಕಿಲೊ ಹೆಚ್ಚುತ್ತದೆ, ಅದೂ ಮೇಲ್ಭಾಗದಲ್ಲಿ.

ಆಮೇಲೆ ಕೂತು ನೋಡಿ. ಎರಡೂ ಪಾದಗಳ ಮುಂಭಾಗ ಗಟ್ಟಿಯಾಗಿ ನೆಲಕ್ಕೆ ತಾಗಿದರೆ ಸಾಕು, ಹಿಮ್ಮಡಿ ಊರಲೇಬೇಕೆಂದಿಲ್ಲ. ಸೀಟಿನ ಎತ್ತರದ ಅಂಕಿಯಷ್ಟೇ ಅದರ ಅಗಲವೂ ಮುಖ್ಯ. 800 ಮಿಲಿಮೀಟರಿನ ಅಗಲ ಸೀಟು ಕೆಲವೊಮ್ಮೆ 820ರ ಕಿರಿದಾದ ಸೀಟಿಗಿಂತ ಕಾಲನ್ನು ಹೆಚ್ಚು ಚಾಚಿಸುತ್ತದೆ.

ಈಗ ಮಣಿಕಟ್ಟಿನ ಪರೀಕ್ಷೆ. ಶೋರೂಮಿನ ಹುಡುಗನಿಗೆ ಬೈಕನ್ನು ನೆಟ್ಟಗೆ ಹಿಡಿದುಕೊಳ್ಳಲು ಹೇಳಿ. ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟು, ಸವಾರಿ ಮಾಡುವಂತೆಯೇ ಬಾಗಿ, ಕೈಗಳನ್ನು ಹ್ಯಾಂಡಲ್‌ನಿಂದ ಒಂದಂಗುಲ ಎತ್ತಿ. ಮುಂದಕ್ಕೆ ಮುಗ್ಗರಿಸುವಂತಾದರೆ ಮೈಭಾರವನ್ನು ಮಣಿಕಟ್ಟು ಹೊರುತ್ತಿದೆ ಎಂದರ್ಥ. ಹೊಟ್ಟೆ, ಬೆನ್ನಿನ ಸ್ನಾಯುಗಳೇ ಹಿಡಿದುಕೊಂಡರೆ ಒಳ್ಳೆಯದು. ವೇಗ ಹೆಚ್ಚಿದಂತೆ ಎದೆಗೆ ಬಡಿಯುವ ಗಾಳಿಯೇ ಮೈಯನ್ನು ಎತ್ತಿ ಹಿಡಿದು ಮಣಿಕಟ್ಟಿಗೆ ಬಿಡುವು ಕೊಡುತ್ತದೆ ಎಂದು ಅನುಭವಿಗಳು ಹೇಳುವುದು ನಿಜ. ಆದರೆ ಆ ಮಾತು ಜರ್ಮನಿಯ ಆಟೊಬಾನ್‌ಗೆ ಹೆಚ್ಚು ಹೊಂದುತ್ತದೆ. ನಮ್ಮ ಚತುಷ್ಪಥ ಹೆದ್ದಾರಿಯಲ್ಲಿ ಬೈಕಿಗೆ ಕೇಂದ್ರ ಸರ್ಕಾರದ 2018ರ ಅಧಿಸೂಚನೆ ನಿಗದಿ ಮಾಡಿದ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಆ ಗಾಳಿ ಎದೆಯನ್ನು ಅಷ್ಟೇನೂ ಎತ್ತುವುದಿಲ್ಲ, ಫೇರಿಂಗ್ ಇದ್ದರಂತೂ ಇನ್ನೂ ಕಡಿಮೆ. ಹೀಗಾಗಿ ನಮ್ಮ ರಸ್ತೆಗೆ ಹ್ಯಾಂಡಲ್ ಒಂದಿಷ್ಟು ಎತ್ತರವಿರುವ ಬೈಕೇ ಹಿತ. ಫೋಟೊದಲ್ಲಿ ಅದು ಕಡಿಮೆ ಚೆಂದ ಕಾಣಬಹುದು.

ಎಂಜಿನ್ ಮೇಲೆ ಕೈ ಆಡಿಸಿ, ತಣ್ಣಗಿದೆಯೇ ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ತಣ್ಣಗಿದ್ದಾಗ ಅದು ಹೇಗೆ ಹತ್ತಿಕೊಳ್ಳುತ್ತದೆ ಎಂಬುದು ತಿಳಿಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಬೈಕಾದರೆ ಇದು ತೀರಾ ಮುಖ್ಯ.

3. ನಡಿಗೆಯ ವೇಗದಲ್ಲಿ

ಮೊದಲ ಹತ್ತು ನಿಮಿಷ ನಿಧಾನಕ್ಕೇ ಮೀಸಲಿಡಿ. ಶೋರೂಮಿನ ಅಂಗಳದಲ್ಲಿ ಅಥವಾ ಖಾಲಿ ಅಡ್ಡರಸ್ತೆಯಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿ ಒಂದು ಸುತ್ತು ಬನ್ನಿ. ಕ್ಲಚ್ ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಸ್ವಲ್ಪವೇ ಒತ್ತಿ ತೆವಳಿಸಿ. ಎಂಜಿನ್ ಜಗ್ಗಾಡುತ್ತದೆಯೇ? ಹ್ಯಾಂಡಲ್ ತಿರುಗಿಸಿದಾಗ ಬೆರಳು ಟ್ಯಾಂಕಿಗೋ ಫೇರಿಂಗ್‌ಗೋ ಸಿಕ್ಕಿಕೊಳ್ಳುತ್ತದೆಯೇ? ದೊಡ್ಡ ಬೈಕುಗಳು ಹೆಚ್ಚಾಗಿ ಬೀಳುವುದು ಇಂಥ ನಿಧಾನದ ತಿರುವಿನಲ್ಲೇ, ನೂರರ ವೇಗದಲ್ಲಲ್ಲ.

ನಂತರ ದಟ್ಟಣೆಗೆ ಇಳಿಯಿರಿ. ಬೇಕೆಂದೇ. ಸಿಗ್ನಲ್‌ನಲ್ಲಿ ನಿಂತಾಗ ರೇಡಿಯೇಟರ್ ಫ್ಯಾನ್ ತಿರುಗುವ ತನಕ ಕಾಯಿರಿ. ಫ್ಯಾನ್ ಬಿಸಿಗಾಳಿಯನ್ನು ಎಲ್ಲಿಗೆ ಎಸೆಯುತ್ತದೆ ಎಂಬುದೇ ಪ್ರಶ್ನೆ. ಕೆಲವು ಬೈಕುಗಳ ಫೇರಿಂಗ್ ಅದನ್ನು ಕೆಳಕ್ಕೆ ಅಥವಾ ಬದಿಗೆ ಕಳಿಸುತ್ತದೆ. ಕೆಲವು ನೇರವಾಗಿ ಮೊಣಕಾಲು, ತೊಡೆಗೆ ಅರ್ಪಿಸುತ್ತವೆ. ಬಳ್ಳಾರಿ, ರಾಯಚೂರಿನ ಕಡೆಯ ಸವಾರರು ಈ ಒಂದು ಅಂಶದ ಮೇಲೆಯೇ ತೀರ್ಮಾನ ಮಾಡಿದರೂ ತಪ್ಪಿಲ್ಲ. ಇದು ಸರಿಪಡಿಸಲಾಗದ ದೋಷಗಳ ಪಟ್ಟಿಯಲ್ಲಿ ಮೊದಲನೆಯದು.

ದಾರಿಯಲ್ಲಿ ಸಿಗುವ ಹಂಪ್‌ಗಳನ್ನು ತಪ್ಪಿಸಬೇಡಿ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪ್‌ಗಳು ಆ ಪುಸ್ತಕವನ್ನು ಓದಿರುವುದಿಲ್ಲ. ಫೇರಿಂಗ್ ಇರುವ ಬೈಕಿನ ಹೊಟ್ಟೆ ತಗ್ಗು. ಒಬ್ಬರೇ ಇದ್ದಾಗ ತಾಗದ್ದು ಇಬ್ಬರಾದಾಗ ಕೆರೆದೀತು.

4. ಹೆದ್ದಾರಿಗೆ

ಬೆಂಗಳೂರಿನವರಾದರೆ ಮೈಸೂರು ದಾರಿ ಬೇಡ. 2023ರ ಆಗಸ್ಟ್ 1ರಿಂದ ಆ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕಿಗೆ ಪ್ರವೇಶವಿಲ್ಲ. 136 ಪಿಎಸ್ ಇದ್ದರೂ ಸರ್ವೀಸ್ ರಸ್ತೆಯಲ್ಲಿ ಆಟೊ, ಟ್ರ್ಯಾಕ್ಟರ್‌ಗಳ ಜೊತೆಯಲ್ಲೇ ಹೋಗಬೇಕು. ಇದು ಬೈಕು ಕೊಳ್ಳುವ ಮುನ್ನ ಯೋಚಿಸಬೇಕಾದ ಸಂಗತಿಯೂ ಹೌದು. ತುಮಕೂರು ಅಥವಾ ಚಿಕ್ಕಬಳ್ಳಾಪುರದ ದಾರಿ ಹಿಡಿಯಿರಿ.

80ರ ವೇಗದಲ್ಲಿ, ಕೊನೆಯ ಗೇರಿನಲ್ಲಿ, ಮೂರು ನಾಲ್ಕು ನಿಮಿಷ ಏರಿಳಿತವಿಲ್ಲದೆ ಓಡಿಸಿ. ಗರಿಷ್ಠ ವೇಗ ನೋಡುವ ಚಪಲ ಬೇಡ. ರಾಜ್ಯದಲ್ಲಿ 130 ದಾಟಿದರೆ ದಂಡವಷ್ಟೇ ಅಲ್ಲ, ಎಫ್‌ಐಆರ್ ಕೂಡ. ಅದಿರಲಿ, ಆ ವೇಗದಿಂದ ಕೊಳ್ಳುವ ನಿರ್ಧಾರಕ್ಕೆ ನಯಾಪೈಸೆಯ ಪ್ರಯೋಜನವಿಲ್ಲ. ನೀವು ಗಮನಿಸಬೇಕಾದದ್ದು ಅಂಗೈ ಮತ್ತು ಪಾದ. ಪ್ರತಿ ಎಂಜಿನ್ನಿಗೂ ಅದು ಝುಂಯ್‌ಗುಟ್ಟುವ ಒಂದು ಘಟ್ಟವಿರುತ್ತದೆ. ಸಿಂಗಲ್ ಸಿಲಿಂಡರ್‌ನಲ್ಲಿ ಹೆಚ್ಚು, ನಾಲ್ಕು ಸಿಲಿಂಡರ್‌ನಲ್ಲಿ ಕಡಿಮೆ. ಆ ಘಟ್ಟ ನೀವು ದಿನವಿಡೀ ಓಡಿಸುವ ವೇಗದಲ್ಲೇ ಬಂದರೆ ಸಂಜೆಗೆ ಬೆರಳು ಜೋಮು ಹಿಡಿಯುತ್ತದೆ. ಕನ್ನಡಿ ನೋಡಿ: ಹಿಂದಿನ ಲಾರಿ ಲಾರಿಯಂತೆ ಕಾಣುತ್ತದೆಯೇ, ಅಲುಗುವ ಬಣ್ಣದ ಮುದ್ದೆಯಂತೆಯೇ? ಅರ್ಧ ಕನ್ನಡಿಯನ್ನು ನಿಮ್ಮ ಮೊಣಕೈಯೇ ತುಂಬಿದೆಯೇ?

ಗಾಳಿಯ ಪರೀಕ್ಷೆಗೆ ಸುಲಭ ದಾರಿಯಿದೆ. ತಲೆ ಅಲುಗಾಡುತ್ತಿದ್ದರೆ, ರಸ್ತೆ ಖಾಲಿ ಇರುವಾಗ ಫುಟ್‌ರೆಸ್ಟ್ ಮೇಲೆ ಒಂದೆರಡು ಅಂಗುಲ ಎದ್ದು ನೋಡಿ, ಆಮೇಲೆ ಒಂದೆರಡು ಅಂಗುಲ ಬಗ್ಗಿ ನೋಡಿ. ಎದ್ದಾಗ ಸದ್ದು ಹೆಚ್ಚಿದರೂ ಅಲುಗಾಟ ನಿಂತರೆ ನಿಮ್ಮ ತಲೆ ವಿಂಡ್‌ಸ್ಕ್ರೀನಿನ ಅಂಚಿನಿಂದ ಸಿಡಿಯುವ ಸುಳಿಗಾಳಿಯಲ್ಲಿದೆ ಎಂದರ್ಥ. ಗಿಡ್ಡ ಸ್ಕ್ರೀನ್ ಹಾಕಿದರೆ ಸರಿಹೋಗಬಹುದು. ಬಗ್ಗಿದಾಗ ಶಾಂತವಾದರೆ ಎತ್ತರದ ಸ್ಕ್ರೀನ್ ಬೇಕು. ಸ್ಕ್ರೀನಿನ ಎತ್ತರ ಬದಲಿಸುವ ಸೌಕರ್ಯವಿದ್ದರೆ ಬೈಕ್ ನಿಲ್ಲಿಸಿ ಎಲ್ಲ ಹಂತಗಳನ್ನೂ ನೋಡಿ.

ಬ್ರೇಕಿಗೆ ಬನ್ನಿ. ಒಣ, ನೇರ, ಹಿಂದೆ ಯಾರೂ ಇಲ್ಲದ ಜಾಗದಲ್ಲಿ 40ರಿಂದ ಮೊದಲು ಮೆಲ್ಲಗೆ, ಮತ್ತೊಮ್ಮೆ ಜೋರಾಗಿ ಹಿಡಿಯಿರಿ. ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಲಿವರಿನಲ್ಲಿ ಮಿಡಿಯುವುದು ಹೇಗಿರುತ್ತದೆ ಎಂದು ಇಲ್ಲೇ ತಿಳಿದುಕೊಳ್ಳುವುದು ಮೇಲು. ಓಡೊಮೀಟರ್ ನೂರಿನ್ನೂರು ಕಿ.ಮೀ. ಒಳಗಿದ್ದರೆ ಎಚ್ಚರ: ಹೊಸ ಟೈರಿನ ನುಣುಪು ಸವೆಯುವವರೆಗೆ ಹಿಡಿತ ಕಡಿಮೆ.

5. ಹಿಂದೆ ಕೂರುವವರ ಮತ

ಜೊತೆಗೆ ಪ್ರಯಾಣಿಸುವವರನ್ನು ಕರೆದುಕೊಂಡೇ ಹೋಗಿ. ಸ್ಪೋರ್ಟ್ ಟೂರರ್‌ನ ಹಿಂಬದಿ ಸೀಟು ಎತ್ತರ, ಫುಟ್‌ರೆಸ್ಟ್ ಕೂಡ ಎತ್ತರ. ಮಂಡಿ ಮಡಚಿ ಕೂರುವ ಕಷ್ಟ ಮುಂದೆ ಕೂತವರಿಗೆ ಕಾಣುವುದೇ ಇಲ್ಲ. ಅವರು ಹತ್ತುವಾಗ, ಇಳಿಯುವಾಗ ಬೈಕನ್ನು ಹಿಡಿದಿಡಲು ನಿಮಗೆ ಸಾಧ್ಯವೇ ನೋಡಿ. ಇಬ್ಬರೂ ಕೂತ ಮೇಲೆ ಹಿಂದಿನ ಶಾಕ್‌ನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ) ಹೆಚ್ಚಿಸಿಕೊಡಲು ಕೇಳಿ. ಡೆಮೊ ಬೈಕನ್ನು ಯಾರ ತೂಕಕ್ಕೆ ಹೊಂದಿಸಿಟ್ಟಿದ್ದಾರೋ ತಿಳಿಯದು. ‘ಸಸ್ಪೆನ್ಷನ್ ಗಡುಸು’ ಎಂಬ ಎಷ್ಟೋ ದೂರುಗಳು ಅರ್ಧ ಸುತ್ತಿನ ತಿರುಪಿನಲ್ಲಿ ಮುಗಿಯುತ್ತವೆ.

ಸೀರೆ ಗಾರ್ಡನ್ನು ಕಂಡು ಮೂಗು ಮುರಿಯುವವರುಂಟು. ಹಿಂಬದಿ ಸವಾರರಿಗೆ ಹಿಡಿಕೆ, ಫುಟ್‌ರೆಸ್ಟ್, ಚಕ್ರಕ್ಕೆ ಮರೆ ಇವು ಮೋಟಾರು ವಾಹನ ನಿಯಮದ ಭಾಗ. ಪಕ್ಕದ ಪೆಟ್ಟಿಗೆ ಹಾಕಿಸುವ ಯೋಚನೆಯಿದ್ದರೆ ಗಾರ್ಡ್ ಮತ್ತು ಪೆಟ್ಟಿಗೆಯ ಚೌಕಟ್ಟು ಒಟ್ಟಿಗೆ ಹೇಗೆ ಕೂರುತ್ತವೆ ಎಂದು ಕೇಳಿ. ಸಾಧ್ಯವಾದರೆ ಹಾಕಿರುವ ಬೈಕನ್ನೇ ತೋರಿಸಲು ಹೇಳಿ.

6. ಇಳಿದ ಮೇಲೆ

ಮುಂಗಡ ಕೊಡಬೇಡಿ. ಅಂದು ಬೇಡ. ‘ಇವತ್ತೇ ಬುಕ್ ಮಾಡಿದರೆ ರಿಯಾಯಿತಿ’ ಎಂಬ ಮಾತು ನಾಳೆಯೂ ಸಾಮಾನ್ಯವಾಗಿ ಉಳಿದಿರುತ್ತದೆ. ಮನೆಗೆ ಹೋಗಿ, ಸಿಕ್ಕ ತೊಂದರೆಗಳನ್ನು ಸರಿಪಡಿಸಬಹುದಾದವು, ಆಗದವು ಎಂದು ಎರಡು ಸಾಲಿನಲ್ಲಿ ಬರೆಯಿರಿ. ಮರುದಿನ ಬೆಳಿಗ್ಗೆ ಎಲ್ಲಿ ನೋಯುತ್ತಿದೆ ಎಂಬುದನ್ನೂ ಸೇರಿಸಿ. ಅದೇ ವಾರದಲ್ಲಿ, ಅದೇ ದಾರಿಯಲ್ಲಿ ಇನ್ನೊಂದು ಬೈಕನ್ನು ಓಡಿಸಿ. ಹೋಲಿಕೆಯಿಲ್ಲದ ಟೆಸ್ಟ್ ರೈಡ್ ಅರ್ಧ ಕೆಲಸ.

ಲೆಕ್ಕವನ್ನು ಆನ್-ರೋಡ್ ಬೆಲೆಯಲ್ಲೇ ಮಾಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 40. ಅದರ ಮೇಲೆ ಕರ್ನಾಟಕದಲ್ಲಿ ಒಂದು ಲಕ್ಷ ರೂಪಾಯಿಗೂ ಮೇಲಿನ ಬೈಕಿಗೆ ಶೇ 18ರ ಜೀವಾವಧಿ ತೆರಿಗೆ, ಆಮೇಲೆ ವಿಮೆ. ಸರಪಳಿ, ಟೈರು, ಬ್ರೇಕ್ ಪ್ಯಾಡ್ ಒಂದೊಂದರ ಬೆಲೆ ಎಷ್ಟು, ಸರ್ವೀಸ್ ಕೇಂದ್ರ ನಿಮ್ಮ ಊರಿನಿಂದ ಎಷ್ಟು ದೂರ, ಫೇರಿಂಗಿನ ಒಂದು ಬದಿ ಒಡೆದರೆ ಬಿಡಿಭಾಗ ಬರಲು ಎಷ್ಟು ದಿನ ಎಂದು ಮಾರಾಟದ ಮೇಜಿನಲ್ಲಿ ಕೇಳಬೇಡಿ. ಸರ್ವೀಸ್ ವಿಭಾಗಕ್ಕೆ ಹೋಗಿ, ಅಲ್ಲಿ ಬೈಕು ಬಿಡಲು ಬಂದಿರುವ ಮಾಲೀಕರನ್ನು ಕೇಳಿ.