ತೊಟ್ಟಿರುವ ಕರಬೂಜ

ನಮ್ಮ ಜಮೀನು ಮಂಡ್ಯದ ಹತ್ತಿರ, ನಾಲೆ ಬಯಲಲ್ಲಿ. ಸುತ್ತ ಕಬ್ಬು, ಭತ್ತ. ನಡುವೆ 12 ಬುಡ ಬಲೆ ಕರಬೂಜ (ಸಿಪ್ಪೆ ಮೇಲೆ ಬಲೆಯಂಥ ಗೆರೆ ಏಳುವ ಜಾತಿ) ಹಾಕಿದ್ದೆ, ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಅಂತಲೇ.

ಅದರ ಹಿಂದಿನ ವರ್ಷ ಹಣ್ಣು ಚೆನ್ನಾಗಿ ಮಾಗಲಿ ಅಂತ ಕಾದು ಕೆಟ್ಟಿದ್ದೆ. ಈ ಜಾತಿ ಪೂರ್ತಿ ಮಾಗಿದರೆ ತೊಟ್ಟಿನಿಂದ ತಾನೇ ಕಳಚಿಕೊಳ್ಳುತ್ತದೆ. ತಿನ್ನೋಕೆ ಅದೇ ಸರಿ. ಪ್ರದರ್ಶನದ ಮೇಜಿನ ಮೇಲಿಟ್ಟರೆ ಮಾತ್ರ ತೊಟ್ಟಿಲ್ಲದ ಬೋಳುತಲೆ!

ಹಾಗಾಗಿ ಈ ಸಲ ದಿನ ಹಿಂದಿನಿಂದ ಎಣಿಸಿದೆ. ಬಳ್ಳಿ ಬೆಳೆದು ಹೂ ಬಿಡೋಕೇ ಸಮಯ ಹಿಡಿಯುತ್ತದೆ, ಆಮೇಲೆ ಚಳಿಯಲ್ಲಿ ಕಾಯಿ ಕಚ್ಚಿ ಮಾಗೋಕೆ 45 ದಿನ ಬೇಕು. ಅದಕ್ಕೆ ನವೆಂಬರ್ 1ಕ್ಕೇ ಬೀಜ ಹಾಕಿದೆ. ಕಾಯಿಯಾಗುವ ಹೂವು ಹೆಚ್ಚಾಗಿ ಕವಲು ಬಳ್ಳಿಯಲ್ಲೇ ಬರೋದು, ಆದ್ದರಿಂದ ಮುಖ್ಯ ಕುಡಿ ಚಿವುಟಿದೆ. ಬೆಳಿಗ್ಗೆ 9ರೊಳಗೆ ಗಂಡು ಹೂವಿನ ಎಸಳು ಕಿತ್ತು, ನಾನೇ ಪರಾಗ ಮುಟ್ಟಿಸಿದೆ. ಬಳ್ಳಿಗೆ ಒಂದೇ ಕಾಯಿ ಉಳಿಸಿದೆ. ನೆಲ ತಾಗಿದರೆ ಹೊಟ್ಟೆಯಲ್ಲಿ ಹಳದಿ ಕಲೆ ಬೀಳುತ್ತೆ, ಅದಕ್ಕೆ ಈರುಳ್ಳಿ ಚೀಲದಲ್ಲಿಟ್ಟು ಚಪ್ಪರಕ್ಕೆ ತೂಗುಬಿಟ್ಟೆ.

ಪಕ್ಕದ ಹೊಲದವರು, "ಹತ್ರದಲ್ಲೇ ಸೌತೆ ಐತೆ, ನಿಮ್ ಹಣ್ಣು ಸಪ್ಪೆ ಆಯ್ತದೆ" ಅಂದರು. ಅವರು ಹೇಳಿದ ಮಂಗಳೂರು ಸೌತೆಯೂ ಕರಬೂಜವೂ ಒಂದೇ ಜಾತಿ, ಬೆರೆಯೋದು ನಿಜ. ಆದರೆ ಬೆರಕೆ ಸೇರೋದು ಬೀಜಕ್ಕೆ, ಆ ವರ್ಷದ ಹಣ್ಣಿನ ರುಚಿಗಲ್ಲ.

ನಿಜವಾದ ಪರೀಕ್ಷೆ ಮೈಮೇಲಿನ ಬಲೆ. ಕಾಯಿ ಕಚ್ಚಿ ಎರಡು ಮೂರು ವಾರಕ್ಕೆ ಸಿಪ್ಪೆ ಬಿರುಸಾಗುತ್ತದೆ, ತಿರುಳು ಮಾತ್ರ ಉಬ್ಬುತ್ತಲೇ ಇರುತ್ತದೆ. ಆಗ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಆ ಗಾಯ ಬೆಂಡಿನ ಹಾಗೆ ಒಣಗಿ ಮೇಲೆದ್ದರೆ ಅದೇ ಬಲೆ. ನಾವು ನೋಡಿ ಮೆಚ್ಚೋದು ಮಾಗಿದ ಗಾಯವನ್ನೇ ಅಲ್ವಾ? ಈ ಹೊತ್ತಲ್ಲಿ ನೀರು ಕಡಿಮೆಯಾದರೆ ಬಲೆ ಏಳೋದಿಲ್ಲ, ಜಾಸ್ತಿಯಾದರೆ ಕಾಯಿಯೇ ಸೀಳುತ್ತದೆ. ಒಂದು ರಾತ್ರಿ ಡ್ರಿಪ್ ವಾಲ್ವ್ ತಿರುಗಿಸೋದು ಮರೆತು ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ನಾಲ್ಕು ಕಾಯಿ ಬಾಯಿ ಬಿಟ್ಟಿದ್ದವು, ಒಳಗೆ ಇರುವೆ ಸಾಲು.

ಕಳಚೋಕೆ ಮುಂಚೆ ತೊಟ್ಟಿನ ಸುತ್ತ ಏಳುವ ಸಣ್ಣ ಗೆರೆ ಕಂಡ ದಿನವೇ, ಬಳ್ಳಿಯ ತುಂಡನ್ನೂ ಸೇರಿಸಿ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಕತ್ತರಿಸಿದೆ. ಭತ್ತದ ಹುಲ್ಲಿನ ಮೇಲಿಟ್ಟು ಒಯ್ದೆ. ತೀರ್ಪುಗಾರರು ಮೊದಲು ಮಾಡಿದ್ದೇ ಹಣ್ಣನ್ನು ತಿರುಗಿಸಿ ತಳ ನೋಡಿದ್ದು. ಎರಡನೇ ಬಹುಮಾನ ಬಂತು.

ಬೇಗ ಕಿತ್ತ ಹಣ್ಣು ಆಮೇಲೆ ಮೆತ್ತಗಾಗುತ್ತದೆಯೇ ಹೊರತು ಸಿಹಿ ಏರೋದಿಲ್ಲ. ಮನೆಗೆ ತಂದು ಕೊಯ್ದಾಗ ಅವ್ವ ಒಂದು ಹೋಳು ಬಾಯಿಗಿಟ್ಟು, "ಸಪ್ಪೆ ಕಣಪ್ಪಾ, ಒಸಿ ಬೆಲ್ಲ ತಗಂಡ್ ಬಾ" ಅಂದಳು.